ವ್ಯಾಟ್ ಅಳೆಯುವ ಮುಳ್ಳು

ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯಲ್ಲಿ ಆಕಾಶವಾಣಿ 1990ರ ದಶಕದಲ್ಲಿ ಶಾರ್ಟ್‌ವೇವ್ ಪ್ರಸಾರಕ್ಕೆಂದು ಆರು ಟ್ರಾನ್ಸ್‌ಮಿಟರುಗಳನ್ನು ಹೂಡಿತು. ಒಂದೊಂದರ ಶಕ್ತಿ 500 ಕಿಲೋವ್ಯಾಟ್. 1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ ಬಾನುಲಿ ಕೇಂದ್ರದ ಶಕ್ತಿ ಕೇವಲ 30 ವ್ಯಾಟ್ ಆಗಿತ್ತು. ‘ಹ್ಯಾಮ್’ ಎಂದು ಕರೆಸಿಕೊಳ್ಳುವ ಹವ್ಯಾಸಿ ರೇಡಿಯೋದವರು ಇಂದಿಗೂ ಗೋಪಾಲಸ್ವಾಮಿಯವರ ಅಳತೆಗೇ ಹತ್ತಿರದವರು. ಸರ್ಕಾರಿ ಕೇಂದ್ರದಲ್ಲಿ ಶಕ್ತಿಯನ್ನು ಅಳೆಯಲು ಎಂಜಿನಿಯರುಗಳಿರುತ್ತಾರೆ. ಹವ್ಯಾಸಿಗೆ ತಾನೇ ಎಂಜಿನಿಯರು, ತಾನೇ ತನಿಖಾಧಿಕಾರಿ. ಹೀಗಾಗಿ ಯಾವ ಮೀಟರು ಕೊಳ್ಳಬೇಕೆಂಬ ಪ್ರಶ್ನೆ ಅವನಿಗೆ ಚಿಕ್ಕದಲ್ಲ.

ಮೊದಮೊದಲು ಇಂಥ ಮೀಟರೇ ಬೇಕಿರಲಿಲ್ಲ. ಮಹಾಯುದ್ಧದ ನಂತರ ಸೇನೆಯ ಹಳೆಯ ಸಾಮಾನಿನಲ್ಲಿ ಸಿಗುತ್ತಿದ್ದ 807 ವಾಲ್ವಿನಿಂದ ಟ್ರಾನ್ಸ್‌ಮಿಟರು ಕಟ್ಟಿದವನು, ವಾಲ್ವಿಗೆ ಹೋಗುವ ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಸಾಕಿತ್ತು. 500 ವೋಲ್ಟು, 100 ಮಿಲಿಆಂಪಿಯರ್ ಎಂದರೆ 50 ವ್ಯಾಟ್. ಭಾರತದ 1978ರ ಹವ್ಯಾಸಿ ನಿಯಮಗಳೂ ಮಿತಿಯನ್ನು ಹೀಗೆ ಒಳಹೋಗುವ ಶಕ್ತಿಯ ಲೆಕ್ಕದಲ್ಲೇ ಹೇಳಿದವು: ಎರಡನೇ ದರ್ಜೆಗೆ 50, ಮೊದಲ ದರ್ಜೆಗೆ 150, ಉನ್ನತ ದರ್ಜೆಗೆ 400 ವ್ಯಾಟ್. ಆದರೆ ಒಳಹೋದದ್ದೆಲ್ಲ ಹೊರಬರುವುದಿಲ್ಲ. ಸುಮಾರು ಮೂರರಲ್ಲೊಂದು ಪಾಲು ವಾಲ್ವನ್ನು ಕಾಯಿಸುವುದಕ್ಕೇ ಹೋಗುತ್ತದೆ. ಹೊರಬಂದದ್ದೆಷ್ಟು ಎಂದು ತಿಳಿಯಲು ಬಲ್ಬು ಹೊತ್ತಿಸಿ ಬೆಳಕಿನಿಂದ ಅಂದಾಜು ಮಾಡುವ ಪದ್ಧತಿ ಇತ್ತು. ಇದು ಕೈಯಲ್ಲಿ ತೂಗಿ ಬೆಲ್ಲ ಕೊಂಡಂತೆ!

ನಿಜವಾದ ತೊಡಕು ಆಂಟೆನಾದ್ದು. ಟ್ರಾನ್ಸ್‌ಮಿಟರಿಗೆ ಹೊಂದದ ಆಂಟೆನಾ ತನಗೆ ಬಂದ ಶಕ್ತಿಯಲ್ಲಿ ಒಂದಷ್ಟನ್ನು ಕೇಬಲ್ಲಿನಲ್ಲೇ ಹಿಂದಕ್ಕೆ ಕಳುಹಿಸುತ್ತದೆ. ಹೋಗುವ ಅಲೆ, ಮರಳುವ ಅಲೆ ಎರಡನ್ನೂ ಬೇರೆಬೇರೆಯಾಗಿ ಅಳೆಯುವ ಉಪಕರಣ ಬೇಕಾಯಿತು. ಅಮೆರಿಕದ ಬರ್ಡ್ ಕಂಪನಿ 1952ರಲ್ಲಿ ತಂದ ‘ಮಾದರಿ 43’ ಇದಕ್ಕೆ ಹೆಸರಾಯಿತು. ಅದರೊಳಗಿನ ಬಿಲ್ಲೆಯನ್ನು ತಿರುಗಿಸಿದರೆ ಸಾಕು, ಮುಳ್ಳು ಎದುರು ದಿಕ್ಕಿನ ಅಲೆಯನ್ನು ತೋರಿಸುತ್ತದೆ. ಕಾಲಿನ್ಸ್ ಕಂಪನಿಯ ವಾರೆನ್ ಬ್ರೂನ್ 1959ರಲ್ಲಿ ಅಮೆರಿಕದ ಹವ್ಯಾಸಿ ಪತ್ರಿಕೆಯೊಂದರಲ್ಲಿ ಇದೇ ಕೆಲಸವನ್ನು ಒಂದು ಫೆರೈಟ್ ಬಳೆ, ಒಂದೆರಡು ಡಯೋಡುಗಳಿಂದ ಮಾಡುವ ವಿಧಾನವನ್ನು ವಿವರಿಸಿದರು. ಆ ಮೇಲೆ ಮೀಟರು ಮನೆಯಲ್ಲೇ ಕಟ್ಟಬಹುದಾದ ವಸ್ತುವಾಯಿತು. ಇಂದು ಮಾರಾಟಕ್ಕಿರುವ ಅಗ್ಗದ ಮೀಟರುಗಳಲ್ಲಿ ಬಹುಪಾಲು ಬ್ರೂನ್ ಸಂತಾನವೇ.

ಬರ್ಡ್ ಮೀಟರಿನ ನಿಖರತೆ ಶೇ. 5 ಎನ್ನುತ್ತಾರೆ. ಅದು ಓದಿದ ಸಂಖ್ಯೆಯ ಶೇ. 5 ಅಲ್ಲ, ಪೂರ್ಣ ಅಳತೆಯ ಶೇ. 5. 1000 ವ್ಯಾಟಿನ ಬಿಲ್ಲೆ ಹಾಕಿದರೆ ತಪ್ಪು 50 ವ್ಯಾಟ್ ಇರಬಹುದು. 50 ವ್ಯಾಟಿನ ಪರವಾನಗಿಯವನಿಗೆ ಅದು ಏನನ್ನೂ ಹೇಳಿದಂತಾಗಲಿಲ್ಲ. ದೊಡ್ಡ ಅಂಕಿಯ ಮೀಟರು ಮೇಲು ಎಂದು ಕೊಳ್ಳುವವರು ಎಡವುವುದು ಇಲ್ಲಿಯೇ. ಹಾಗೆಯೇ 30 ಮೆಗಾಹರ್ಟ್ಸ್‌ವರೆಗಿನ ಮೀಟರನ್ನು 145ರಲ್ಲಿ ನಂಬುವಂತಿಲ್ಲ.

1980ರ ದಶಕದ ಮಧ್ಯಭಾಗದಲ್ಲಿ ಹವ್ಯಾಸಿಗಳಿಗೆ ಆಮದು ಸುಲಭವಾಗಿ, ಹೊರದೇಶದ ಸೆಟ್ಟುಗಳು ಬಂದವು. ಆಗ ಪ್ರಧಾನಿಯಾಗಿದ್ದ ರಾಜೀವ್ ಗಾಂಧಿ ಸ್ವತಃ ಹ್ಯಾಮ್. ಅವರ ಕರೆಸಂಕೇತ ವಿಯು2ಆರ್‌ಜಿ. ಈ ಸೆಟ್ಟುಗಳ ಸಿಂಗಲ್ ಸೈಡ್‌ಬ್ಯಾಂಡ್ ಪದ್ಧತಿಯಲ್ಲಿ ಮಾತಿದ್ದಾಗ ಮಾತ್ರ ಶಕ್ತಿ ಹೊರಡುತ್ತದೆ. ಸಾಮಾನ್ಯ ಮೀಟರಿನ ಮುಳ್ಳು ಸರಾಸರಿಯನ್ನು ಹಿಡಿಯುವುದರಿಂದ 100 ವ್ಯಾಟಿನ ಸೆಟ್ಟಿನಲ್ಲಿ 25ರ ಆಸುಪಾಸಿನಲ್ಲೇ ಕುಣಿಯಬಹುದು. ಸೆಟ್ಟು ಕೆಟ್ಟಿತೆಂದು ಹೊಸಬರು ಮೈಕಿನ ಗುಬುಟು ತಿರುವುತ್ತಾರೆ. ಮಾತು ಒಡೆದು, ಪಕ್ಕದ ತರಂಗಾಂತರದವರಿಗೂ ಕಾಟ. ಮಾತಿನ ಶಿಖರವನ್ನು ಹಿಡಿದು ತೋರಿಸುವ ಮೀಟರಿಗೆ ಹೆಚ್ಚು ಹಣ ಕೊಡಬೇಕಾದರೆ ಕೊಡುವುದೇ ಸರಿ.

ಇನ್ನು ಮೀಟರಿನ ಜಾಗ. ನೆಲಮಂಗಲ, ದೇವನಹಳ್ಳಿ ಕಡೆಯ ತೋಟಗಳಲ್ಲಿ ಎರಡು ತೆಂಗಿನ ಮರಗಳ ನಡುವೆ ತಂತಿ ಕಟ್ಟಿ, ಉದ್ದನೆಯ ಕೇಬಲನ್ನು ಮನೆಗೆಳೆದರೆ ಆಂಟೆನಾ ಸಿದ್ಧ. ಆ ಕೇಬಲ್ಲು ಹಳತಾಗಿ ಅರ್ಧ ಶಕ್ತಿಯನ್ನು ನುಂಗುತ್ತದೆ ಎನ್ನೋಣ. ಮನೆಯಿಂದ ಹೊರಟ 100 ವ್ಯಾಟ್ ಮರ ಮುಟ್ಟುವಾಗ 50. ತಂತಿಯೇ ಕಡಿದಿದ್ದು ಅಷ್ಟೂ ಹಿಂದಿರುಗಿದರೂ ಮನೆಗೆ ಮರಳುವುದು 25 ಮಾತ್ರ. ಮೇಜಿನ ಮೇಲಿನ ಮೀಟರು ‘ಮುಕ್ಕಾಲು ಪಾಲು ಹೋಯಿತು’ ಎನ್ನುತ್ತದೆ. ಗಾಳಿಗೆ ಹೋದದ್ದು ಸೊನ್ನೆ. 2004ರ ಸುನಾಮಿಯ ನಂತರ ಅಂಡಮಾನಿನಿಂದ ಕ್ಷೇಮ ಸಮಾಚಾರ ಮುಟ್ಟಿಸಿದ್ದು ಹವ್ಯಾಸಿ ರೇಡಿಯೋ. ಅಂಥ ದಿನ ಬ್ಯಾಟರಿಯ ಮೇಲೆ ಕೆಲಸ ಮಾಡುವವನಿಗೆ ಈ ಸೊನ್ನೆಯನ್ನು ಮೊದಲೇ ತಿಳಿದುಕೊಳ್ಳುವ ದಾರಿ ಒಂದೇ: ಮೀಟರನ್ನು ಕೈಯಲ್ಲಿ ಹಿಡಿದು ತೋಟಕ್ಕೆ ಹೋಗಿ, ಕೇಬಲ್ಲಿನ ಆ ತುದಿಯಲ್ಲಿ ಸೇರಿಸಿ ನೋಡುವುದು.