ಅಜ್ಜನ ಆಗ್ಫಾ ಕ್ಲಿಕ್, ಬೂಷ್ಟು ಹಿಡಿದ ಆಲ್ಬಮ್, ನಮ್ಮ ಗುಡ್ಡಗಳ ಫೋಟೋ ಚರಿತ್ರೆ

ಭಾಗ 1

ಮೊದಲ ಫೋಟೋ ಸ್ವಲ್ಪ ದೊಡ್ಡದು ಮಾಡಿ ನೋಡಿ. ಕಾಫಿ ಕೊಯ್ಲಿನ ದಿನ, ಐದು ಜನ ಹೆಂಗಸರು ಸಾಲಾಗಿ ನಿಂತಿದ್ದಾರೆ. ಬಲಗಡೆ ಕೊನೆಯವರ ಮುಖದ ಮೇಲೆ ಜೇಡರ ಬಲೆ ತರ ಕಾಣ್ತಿರೋದು ಎಡಿಟಿಂಗ್ ಅಲ್ಲ, ಬೂಷ್ಟು. ಆಲೂರಿನ ನಮ್ಮ ಮನೆ ಅಟ್ಟದ ಮೇಲೆ ನಲವತ್ತಕ್ಕೂ ಹೆಚ್ಚು ಮಳೆಗಾಲ ಕಳೆದ ಆಲ್ಬಮ್‌ನಿಂದ ಬಂದದ್ದು. ತೆಗೆದವರು ನನ್ನ ಅಜ್ಜ. ಫೋಟೋಗ್ರಾಫರ್ ಏನಲ್ಲ, ತೋಟ ಗದ್ದೆ ನೋಡ್ಕೊಂಡು ಇದ್ದವರು. ಎಪ್ಪತ್ತರ ದಶಕದಲ್ಲಿ ಒಂದು ಆಗ್ಫಾ ಕ್ಲಿಕ್ 3 ತಗೊಂಡಿದ್ದರು.

‘ನಮ್ಮೂರಲ್ಲಿ ಫೋಟೋ ಹುಚ್ಚು ಯಾವಾಗ ಶುರುವಾಯ್ತು?’ ಅಂತ ಹೋದ ವಾರ ಕ್ಲಾಸಲ್ಲಿ ಒಬ್ಬ ಕೇಳಿದ. ‘ಇನ್ನೇನು, ಫೋನ್ ಬಂದ ಮೇಲೆ’ ಅಂತ ಎಲ್ಲರೂ ನಕ್ಕೆವು. ಹುಡುಕಿ ನೋಡಿದ್ರೆ ಉತ್ತರ 1854ಕ್ಕೆ ಹೋಯ್ತು.

ಭಾಗ 2

ಸಕಲೇಶಪುರದಿಂದ ಬಸ್ ಹತ್ತಿದ್ರೆ ಬೇಲೂರು ಸುಮಾರು ಒಂದು ಗಂಟೆ ದಾರಿ. 1854ರ ಕೊನೆಯಲ್ಲಿ ಅಲ್ಲಿಗೆ, ಹಳೇಬೀಡಿಗೆ, ಶ್ರವಣಬೆಳಗೊಳಕ್ಕೆ ಕ್ಯಾಮೆರಾ ಹೊರೆಸಿಕೊಂಡು ಬಂದವನು ಲಿನಿಯಸ್ ಟ್ರೈಪ್. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದ ಕ್ಯಾಪ್ಟನ್. ಕೆಲಸ ಸೈನ್ಯದ್ದು, ಫೋಟೋ ಹವ್ಯಾಸ. ಇಂಗ್ಲೆಂಡಿಗೆ ರಜೆ ಮೇಲೆ ಹೋದಾಗ ಕಲಿತು ಬಂದಿದ್ದ. ಅಂದ್ರೆ ನಮ್ಮ ಜಿಲ್ಲೆಯ ಮೊದಮೊದಲ ಫೋಟೋಗಳನ್ನ ತೆಗೆದವನು ಸ್ಟುಡಿಯೋದವನಲ್ಲ, ನಮ್ಮ ನಿಮ್ಮ ತರ ಒಬ್ಬ ಅಮೆಚೂರ್.

ಆದ್ರೆ ಗೇರ್ ಮಾತ್ರ ನಮ್ಮ ತರ ಅಲ್ಲ. ಫಿಲ್ಮ್ ಇನ್ನೂ ಹುಟ್ಟಿರಲಿಲ್ಲ. ಅವನ ನೆಗೆಟಿವ್ ಒಂದು ಹಾಳೆ ಕಾಗದ. ಅದಕ್ಕೆ ಮೇಣ ಕುಡಿಸಿ, ಬೆಳ್ಳಿಯ ಲವಣ ಹಚ್ಚಿ, ಕತ್ತಲಲ್ಲಿ ಒಣಗಿಸಿ ಇಟ್ಟುಕೊಳ್ಳಬೇಕು. ಆ ಕಾಲಕ್ಕೆ ಗಾಜಿನ ಪ್ಲೇಟಿನ ಇನ್ನೊಂದು ವಿಧಾನವೂ ಇತ್ತು. ಅದರಲ್ಲಿ ಚಿತ್ರ ಚೆನ್ನಾಗಿ ಬರ್ತಿತ್ತು, ಆದ್ರೆ ಪ್ಲೇಟ್ ಹಸಿ ಇರುವಾಗಲೇ ಫೋಟೋ ತೆಗೆದು ಅಲ್ಲೇ ತೊಳೆಯಬೇಕು. ಗುಡಾರ, ನೀರು, ರಾಸಾಯನಿಕ ಎಲ್ಲ ಜೊತೆಗೇ ಬರಬೇಕು. ಮೇಣದ ಕಾಗದ ಹಾಗಲ್ಲ, ಮೊದಲೇ ತಯಾರಿಸಿ ಊರೂರು ಒಯ್ಯಬಹುದು, ಕೆಲವು ದಿನ ಬಿಟ್ಟು ತೊಳೆಯಬಹುದು. ಎತ್ತಿನ ಗಾಡಿ ಕಾಲದ ಪ್ರಯಾಣಿಕನಿಗೆ ಹೇಳಿ ಮಾಡಿಸಿದ ಹಾಗಿತ್ತು. ಎನ್ಲಾರ್ಜ್ ಮಾಡೋದೂ ಇಲ್ಲ, ಪ್ರಿಂಟ್ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಅಷ್ಟೇ ದೊಡ್ಡದು, ಕ್ಯಾಮೆರಾ ಅದಕ್ಕಿಂತ ದೊಡ್ಡದು.

ಇನ್ನೊಂದು ತೊಂದರೆ ಇತ್ತು. ಒಂದು ಫೋಟೋಗೆ ನಿಮಿಷಗಟ್ಟಲೆ ಬೆಳಕು ಬೀಳಬೇಕು. ಕಲ್ಲು ಅಲುಗಲ್ಲ, ಶಿಲಾಬಾಲಿಕೆ ಕಣ್ಣು ಮಿಟುಕಿಸಲ್ಲ. ಎದುರಿಗೆ ನಡೆದು ಹೋದ ಮನುಷ್ಯ ಮಾತ್ರ ಚಿತ್ರದಲ್ಲಿ ಉಳಿಯೋದೇ ಇಲ್ಲ, ಮಾಯ. ಆ ಕಾಲದ ದೇವಸ್ಥಾನದ ಫೋಟೋ ನೋಡಿ ‘ಊರೇ ಖಾಲಿ ಇತ್ತಾ’ ಅಂತ ಅನ್ನಿಸೋದಕ್ಕೆ ಇದೂ ಒಂದು ಕಾರಣ.

1855ರಲ್ಲಿ ಮದ್ರಾಸಿನ ಪ್ರದರ್ಶನಕ್ಕೆ ಟ್ರೈಪ್ 68 ಫೋಟೋ ಕಳಿಸಿ ಪದಕ ಗೆದ್ದ. ಅದೇ ವರ್ಷ ಬರ್ಮಾಕ್ಕೆ ಹೋದ. ಅಲ್ಲಿ ತೆಗೆದ ನೆಗೆಟಿವ್‌ಗಳಲ್ಲಿ ಆಕಾಶ ಬೋಳಾಗಿ ಬಂತು ಅಂತ ಮೋಡಗಳನ್ನ ಕೈಯಲ್ಲೇ ಬಣ್ಣ ಹಚ್ಚಿ ಬರೆದ! ‘ಫಿಲ್ಟರ್ ಹಾಕೋದು ಮೋಸ’ ಅಂತ ಕಾಮೆಂಟ್ ಹಾಕೋರಿಗೆ ಇದನ್ನ ತೋರಿಸಿ.

ಭಾಗ 3

ಅವನ ಹಿಂದೆಯೇ ಇನ್ನೊಬ್ಬ ಅಧಿಕಾರಿ, ರಿಚರ್ಡ್ ಬ್ಯಾನರ್ ಓಕ್ಲಿ, ಹಳೇಬೀಡಿನ ದೇವಸ್ಥಾನದ ಮೇಲೆಯೇ ಒಂದು ಇಡೀ ಪುಸ್ತಕ ಮಾಡಿದ. 1859ರಲ್ಲಿ ಲಂಡನ್ನಿನಲ್ಲಿ ಬಂದ ಅದರಲ್ಲಿ 56 ಫೋಟೋ. ಒಂದೇ ಗುಡಿಗೆ 56! ಇವತ್ತು ನಮ್ಮ ಟೂರ್‌ನಲ್ಲಿ ಹತ್ತು ಸೆಲ್ಫಿ ತೆಗೆದು ಬಸ್ ಹತ್ತುತ್ತೇವೆ. 1866ರಲ್ಲಿ ಧಾರವಾಡ, ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಪುಸ್ತಕ ಬಂತು. ಅದರ ಫೋಟೋ ತೆಗೆದ ಪಿಗೂ ಮತ್ತು ನೀಲ್ ಇಬ್ಬರೂ ಡಾಕ್ಟರ್‌ಗಳು, ಬಿಗ್ಸ್ ಸೈನ್ಯದವನು.

ನನಗೆ ಇವರ ಮೇಲೆ ಗೌರವ ಇದೆ. ಆದ್ರೂ ಒಂದು ಮಾತು ಚುಚ್ಚುತ್ತೆ. ಚಿತ್ರಗಳ ಕೆಳಗೆ ಗುಡಿಯ ಹೆಸರಿದೆ, ದಿಕ್ಕಿದೆ. ಆ ಭಾರದ ಪೆಟ್ಟಿಗೆ ಹೊತ್ತವರು, ನೀರು ತಂದವರು ಯಾರು ಅಂತ ಇಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಐದು ಜನ ಹೆಂಗಸರ ಹತ್ರ ಮತ್ತೆ ಬರ್ತೀನಿ.

ಭಾಗ 4

ಒಂದು ನೂರು ವರ್ಷ ಜಂಪ್ ಮಾಡೋಣ. ಆಗ್ಫಾ ಕ್ಲಿಕ್ 3 ಬರೋಡಾದಲ್ಲಿ ತಯಾರಾಗ್ತಿದ್ದ ಡಬ್ಬಿ ಕ್ಯಾಮೆರಾ. 120 ರೋಲ್ ಹಾಕಿದ್ರೆ ಚೌಕಾಕಾರದ 12 ಫೋಟೋ, ಅಷ್ಟೇ. ಫೋಕಸ್ ಇಲ್ಲ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು, ಉಳಿದದ್ದು ನಿಮ್ಮ ಅದೃಷ್ಟ. ಅಜ್ಜ ಒಂದು ರೋಲನ್ನ ಯುಗಾದಿಗೆ ಹಾಕಿದ್ರೆ ದೀಪಾವಳಿಗೆ ಮುಗಿಸ್ತಿದ್ರಂತೆ. ಆಮೇಲೆ ಹಾಸನದ ಸ್ಟುಡಿಯೋಗೆ ಕೊಟ್ಟು, ವಾರಗಟ್ಟಲೆ ಕಾದು ತರೋದು. ‘ನಿಮ್ಮಜ್ಜ ಕ್ಯಾಮೆರಾ ಹಿಡಿದ್ರೆ ಉಸಿರು ಬಿಡಂಗಿಲ್ಲ, ದುಡ್ಡು ಹೋಗ್ತದೆ ಅನ್ನೋರು’ ಅಂತ ಅಜ್ಜಿ ಈಗಲೂ ನಗ್ತಾರೆ.

ಇದೇ ಕಾಲಕ್ಕೆ ಪಕ್ಕದ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಕಾಫಿ ತೋಟ ಮಾಡ್ತಾ, ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಕೂರ್ತಿದ್ದರು. ಬೆಂಗಳೂರಲ್ಲಿ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಕಾಡಿನ ಫೋಟೋಗ್ರಫಿಯಲ್ಲಿ ಹೆಸರು ಮಾಡಿದ್ದರು. 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಶುರುವಾಗಿ ಹವ್ಯಾಸಿಗಳಿಗೆ ಒಂದು ಜಾಗ ಆಯ್ತು. ತೋಟದ ನೆರಳಲ್ಲಿ ಹಕ್ಕಿ ಫೋಟೋ ತೆಗೆದವರಿಗೆ ಗೊತ್ತು ಕಷ್ಟ: ಐಎಸ್‌ಒ 64ರ ಫಿಲ್ಮಿಗೆ ಸಿಲ್ವರ್ ಓಕ್ ಕೆಳಗಿನ ಬೆಳಕು ಸಾಲದು. ಈಗ ನಿಮ್ಮ ಫೋನು 3200ಕ್ಕೆ ತಾನೇ ಏರುತ್ತೆ, ನಿಮಗೆ ಗೊತ್ತೂ ಆಗಲ್ಲ.

ಭಾಗ 5

ಗೇರ್ ಬಗ್ಗೆ ಡಿಎಂ ಮಾಡಿದವರಿಗೆ ಇಲ್ಲೇ ಹೇಳಿಬಿಡ್ತೀನಿ. ಮಲೆನಾಡಲ್ಲಿ ಕ್ಯಾಮೆರಾದ ಶತ್ರು ಮಳೆ ಹನಿ ಅಲ್ಲ, ತೇವ. ಲೆನ್ಸ್ ಒಳಗೆ ಬೂಷ್ಟು ಬೆಳೆದ್ರೆ ಗಾಜಿನ ಮೇಲಿನ ಕೋಟಿಂಗನ್ನೇ ತಿನ್ನುತ್ತೆ, ಕ್ಲೀನ್ ಮಾಡಿದ್ರೂ ಕಲೆ ಉಳಿಯಬಹುದು. ಅಜ್ಜನ ಕ್ಯಾಮೆರಾ ಹಾಳಾಗಿದ್ದು ಅದರ ಚಂದದ ಚರ್ಮದ ಕೇಸಿನಿಂದಲೇ, ಚರ್ಮ ತೇವ ಹಿಡಿಯುತ್ತೆ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ, ಸಿಲಿಕಾ ಜೆಲ್ ಹಾಕಿ. ನೀಲಿ ಜೆಲ್ ಗುಲಾಬಿ ಆದ್ರೆ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಹಾಕಿ. ಅಕ್ಕಿ ಡಬ್ಬಿಯಲ್ಲಿ ಇಡಬೇಡಿ, ಧೂಳು ಹೋಗುತ್ತೆ. ಹೊಸ ಲೆನ್ಸಿಗೆ ದುಡ್ಡು ಕೂಡಿಡೋ ಮೊದಲು ಈ ಡಬ್ಬಿ ತಗೊಳ್ಳಿ ಮಗಾ, ದಯವಿಟ್ಟು.

ಮಂಜಿನ ಫೋಟೋ ಬೂದಿ ಬಣ್ಣಕ್ಕೆ ಬರುತ್ತೆ ಅಂತ ಬಹಳ ಜನ ಕೇಳಿದ್ರಿ. ಬೆಳ್ಳಗಿರೋದನ್ನೆಲ್ಲ ಕ್ಯಾಮೆರಾ ಮಸುಕು ಮಾಡೋಕೆ ನೋಡುತ್ತೆ. ಎಕ್ಸ್‌ಪೋಶರ್ ಒಂದು ಹೆಜ್ಜೆ ಮೇಲೆ ಏರಿಸಿ. ಕಾಫಿ ಹೂವಿಗೆ ಉಲ್ಟಾ, ಕಡುಹಸಿರು ಎಲೆ ಮಧ್ಯೆ ಹೂ ಸುಟ್ಟುಹೋಗದ ಹಾಗೆ ಸ್ವಲ್ಪ ಇಳಿಸಿ.

ಭಾಗ 6

ಮಂಜರಾಬಾದ್ ಕೋಟೆಯ ಮೇಲೆ ಎಲ್ಲರೂ ನಿಂತಿದ್ದೀರಿ. ಟಿಪ್ಪು 1792ರಲ್ಲಿ ಕಟ್ಟಿಸಿದ ಆ ಎಂಟು ಮೂಲೆಯ ನಕ್ಷತ್ರ ಒಳಗೆ ನಿಂತವರಿಗೆ ಪೂರ್ತಿ ಕಾಣಲ್ಲ. ನಮ್ಮ ಕಾಲದ ಡ್ರೋನ್ ಅದನ್ನ ಎಲ್ಲರ ಫೋನಿಗೆ ತಂದುಕೊಟ್ಟಿತು. ರೈಲಿನ ಕಥೆ ಬೇರೆ. ಘಾಟಿಯಲ್ಲಿ ಮೀಟರ್‌ಗೇಜ್ ರೈಲು ಓಡಿದ್ದು 1979ರಿಂದ 1996ರವರೆಗೆ ಮಾತ್ರ. ಈಗಿನ ಬ್ರಾಡ್‌ಗೇಜ್‌ನಲ್ಲಿ ಪ್ಯಾಸೆಂಜರ್ ರೈಲು ಬಂದದ್ದು 2007ರ ಕೊನೆಗೆ. ಆ ಹಳೇ ಪುಟಾಣಿ ರೈಲಿನ ಫೋಟೋ ನಿಮ್ಮ ಮನೆಯಲ್ಲಿ ಇದ್ರೆ ಅದು ಚರಿತ್ರೆ, ನಿಜವಾಗಲೂ. ಹೊಸ ರೀಲ್‌ಗೆ ಅಂತ ಹಳಿ ಮೇಲೆ ನಡೆಯೋಕೆ ಮಾತ್ರ ಹೋಗಬೇಡಿ.

ಆನೆ ವಿಷಯ ಹೇಳದೆ ಇರೋಕಾಗಲ್ಲ. ಎಂಟು ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ಹತ್ತಿರ, ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ಸತ್ತ. ಅವನನ್ನೇ ಬಿಡದ ಕಾಡಾನೆ, ಮೊಬೈಲ್ ಹಿಡಿದು ಇಪ್ಪತ್ತು ಅಡಿ ದೂರದಲ್ಲಿ ನಿಂತ ನಿಮ್ಮನ್ನ ಬಿಡುತ್ತಾ? ದೂರದಿಂದ ತೆಗೆದ ಫೋಟೋನೂ ಕೆಲಸಕ್ಕೆ ಬರುತ್ತೆ. ಕಿವಿಯ ಹರಿದ ಅಂಚು, ದಂತದ ಆಕಾರ ಕಂಡ್ರೆ ಇದು ಯಾವ ಆನೆ ಅಂತ ತಿಳಿದವರು ಗುರುತು ಹಿಡೀತಾರೆ. ಅರಣ್ಯ ಇಲಾಖೆಗೆ ತಿಳಿಸಿ. ಸ್ಟೋರಿಯಲ್ಲಿ ಲೊಕೇಶನ್ ಹಾಕಿ ಜನ ಸೇರಿಸಬೇಡಿ.

ಭಾಗ 7

ಈಗ ಐದು ಜನ ಹೆಂಗಸರು. ಪ್ರಿಂಟ್ ಹಿಂದೆ ಅಜ್ಜ ಬರೆದದ್ದು ‘ತೋಟ’ ಅಂತ ಅಷ್ಟೇ. ಟ್ರೈಪ್ ಬರೆದ ಹಾಗೇ! ಹೋದ ಭಾನುವಾರ ಅಜ್ಜಿಯನ್ನ ಜಗಲಿಯಲ್ಲಿ ಕೂರಿಸಿ, ಕನ್ನಡಕ ಒರೆಸಿಕೊಟ್ಟು ಕೇಳಿದೆ. ಮೂರು ಜನರ ಹೆಸರು ತಕ್ಷಣ ಹೇಳಿದ್ರು, ಒಬ್ಬರ ಮಗಳು ಎಲ್ಲಿದ್ದಾಳೆ ಅಂತಲೂ ಹೇಳಿದ್ರು. ನಾಲ್ಕನೆಯವರಿಗೆ ಬಹಳ ಹೊತ್ತು ನೋಡಿ, ‘ಘಟ್ಟದ ಕೆಳಗಿಂದ ಬರ್ತಿದ್ಲು, ಚೆನ್ನಾಗಿ ಹಾಡೋಳು’ ಅಂದ್ರು, ಹೆಸರು ಬರಲಿಲ್ಲ. ಐದನೆಯವರ ಮುಖ ಬೂಷ್ಟಿನ ಕೆಳಗೆ.

ಪೆನ್ನಲ್ಲಿ ಒತ್ತಿ ಬರೆದ್ರೆ ಮುಂದೆ ಮೂಡುತ್ತೆ ಅಂತ ಮೆತ್ತನೆ ಪೆನ್ಸಿಲ್‌ನಲ್ಲಿ ಮೂರು ಹೆಸರು ಬರೆದಿದ್ದೀನಿ. ಒಪ್ಪಿಗೆ ಕೇಳೋವರೆಗೆ ಇಲ್ಲಿ ಹಾಕಲ್ಲ. ಮುಂದಿನ ವಾರ ಆ ಮಗಳ ಮನೆಗೆ ಪ್ರಿಂಟ್ ತಗೊಂಡು ಹೋಗ್ತಿದ್ದೀನಿ. ಬಲಗಡೆ ನಿಂತವರು ಯಾರು ಅಂತ ಅವರಿಗೆ ಗೊತ್ತಿರಬಹುದು.

#ಸಕಲೇಶಪುರ #ಆಲೂರು #ಹಳೇಫೋಟೋ