ಶಿಸ್ತು: ಒಂದು ಪದ, ಎರಡು ಅರ್ಥ

ನನ್ನ ತರಗತಿಯಲ್ಲಿ ಕುಳಿತವರೆಲ್ಲರೂ ‘ಶಿಸ್ತು’ ಎಂಬ ಪದವನ್ನು ನನ್ನ ಬಾಯಿಂದ ಬೇಸರ ಬರುವಷ್ಟು ಬಾರಿ ಕೇಳಿದ್ದೀರಿ. ಹೊತ್ತಿಗೆ ಸರಿಯಾಗಿ ಬರುವುದು, ಸಾಲಾಗಿ ನಿಲ್ಲುವುದು, ಮೊದಲು ಲೆಕ್ಕ ಬಿಡಿಸಿ ಆಮೇಲೆ ಆಟಕ್ಕಿಳಿಯುವುದು ಎಂಬಷ್ಟೇ ಅದರ ಅರ್ಥವೆಂದು ನೀವು ತಿಳಿದಿದ್ದರೆ ಆಶ್ಚರ್ಯವಿಲ್ಲ. ಆದರೆ ನಮ್ಮ ಸೀಮೆಯ ಇತಿಹಾಸದಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವುಂಟು. ಶಿಸ್ತು ಎಂದರೆ ಭೂಮಿಯ ಮೇಲೆ ಗೊತ್ತುಪಡಿಸಿದ ಕಂದಾಯ. ಈ ಎರಡು ಅರ್ಥಗಳನ್ನು ಒಟ್ಟಿಗಿಟ್ಟು ನೋಡಿದರೆ, ಇಂದಿನ ಸುಖಕ್ಕೂ ನಾಳಿನ ಗುರಿಗೂ ನಡುವೆ ನಾವು ದಿನನಿತ್ಯ ನಡೆಸುವ ತೂಗಾಟಕ್ಕೆ ಒಂದು ದಾರಿ ಕಾಣಬಹುದೆಂದು ನನ್ನ ಎಣಿಕೆ.

ಕೆಳದಿ ಅರಸರ ರಾಜಧಾನಿಗಳಾಗಿದ್ದ ಕೆಳದಿ ಮತ್ತು ಇಕ್ಕೇರಿ ಇಂದಿನ ಸಾಗರ ತಾಲ್ಲೂಕಿನಲ್ಲಿವೆ. ಮೂರನೆಯದಾದ ಬಿದನೂರು, ಅಂದರೆ ಈಗಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಅವರ ಗಿರಿದುರ್ಗವಾದ ಕವಲೇದುರ್ಗ ನಮ್ಮ ತೀರ್ಥಹಳ್ಳಿ ತಾಲ್ಲೂಕಿನದೇ. ಮೇಗರವಳ್ಳಿಯ ಸುತ್ತಲಿನ ಸೀಮೆಯೂ ಆ ರಾಜ್ಯಕ್ಕೇ ಸೇರಿತ್ತು. ಅಲ್ಲಿ 1645ರಿಂದ 1660ರವರೆಗೆ ಆಳಿದವನು ಶಿವಪ್ಪ ನಾಯಕ. ಕರಾವಳಿಯಲ್ಲಿ ಪೋರ್ಚುಗೀಸರೊಡನೆ ಕಾದಾಡಿ ಕೋಟೆಗಳನ್ನು ಗೆದ್ದ ಅರಸನಿಗೆ ಹಣದ ಅಗತ್ಯ ಎಷ್ಟಿದ್ದಿರಬೇಕೆಂಬುದನ್ನು ಊಹಿಸಿಕೊಳ್ಳಿ. ಬೆಳೆ ಚೆನ್ನಾಗಿ ಬಂದ ವರ್ಷ ಕೈಗೆ ಸಿಕ್ಕಷ್ಟನ್ನು ಬಾಚಿಕೊಳ್ಳುವುದು ಅವನಿಗೆ ಸುಲಭದ ದಾರಿಯಾಗಿತ್ತು.

ಅವನು ಹಿಡಿದ ದಾರಿ ಬೇರೆ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಅದನ್ನು ವಿವರಿಸುತ್ತದೆ. ಪ್ರತಿ ಗ್ರಾಮದಲ್ಲಿ ಒಂದೊಂದು ತರದ ಭೂಮಿಯಿಂದ ಒಂದೊಂದು ಗದ್ದೆಯನ್ನು ಆರಿಸಿ, ಹನ್ನೆರಡು ವರ್ಷ ಸತತವಾಗಿ ತನ್ನ ಖರ್ಚಿನಲ್ಲೇ ಸಾಗುವಳಿ ಮಾಡಿಸಿದನು. ಬಿತ್ತಿದ ಬೀಜವೆಷ್ಟು, ಸಾಗುವಳಿಯ ವೆಚ್ಚವೆಷ್ಟು, ಬಂದ ಫಸಲೆಷ್ಟು, ಅದರ ಬೆಲೆಯೆಷ್ಟು ಎಂಬುದನ್ನೆಲ್ಲ ಬರೆಯಿಸಿದನು. ಬಳಿಕ ಸರಾಸರಿ ತೆಗೆದು ಉತ್ಪತ್ತಿಯ ಮೂರನೆಯ ಒಂದು ಪಾಲನ್ನು ಸರ್ಕಾರದ ಭಾಗವೆಂದು ನಿಗದಿಪಡಿಸಿದನು. ಇದೇ ‘ಶಿವಪ್ಪ ನಾಯಕನ ಶಿಸ್ತು’.

ಹನ್ನೆರಡು ವರ್ಷವೇಕೆ? ಒಂದೇ ವರ್ಷದ ಲೆಕ್ಕ ನಂಬಿಕೆಗೆ ಅರ್ಹವಲ್ಲ. ಒಂದು ವರ್ಷ ಅತಿವೃಷ್ಟಿ, ಇನ್ನೊಂದು ವರ್ಷ ಮಳೆ ಕೈಕೊಡುತ್ತದೆ. ಒಂದು ವರ್ಷ ದರ ಏರುತ್ತದೆ, ಮರುವರ್ಷ ಕುಸಿಯುತ್ತದೆ. ಒಳ್ಳೆಯ ವರ್ಷವನ್ನು ನೋಡಿ ಮಾಡಿದ ತೀರ್ಮಾನ ಕೆಟ್ಟ ವರ್ಷದಲ್ಲಿ ಮನೆ ಮುರಿಯುತ್ತದೆ. ಮುಂದೆ 1800ರ ಸುಮಾರಿನಲ್ಲಿ ಕೆನರಾದ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಅಲ್ಲಿನ ಕಂದಾಯವನ್ನು ವಿಚಾರಿಸುವಾಗಲೂ ಈ ಹಳೆಯ ಶಿಸ್ತಿನ ಲೆಕ್ಕವನ್ನು ಆಧಾರವಾಗಿ ನೋಡಬೇಕಾಯಿತು. ತಾಳ್ಮೆಯಿಂದ ಮಾಡಿದ ಕೆಲಸಕ್ಕೆ ಇರುವ ಆಯುಷ್ಯ ಅಂಥದು.

ಅರಸನ ಮಾತು ಹಾಗಿರಲಿ, ನಮ್ಮ ಅಡಿಕೆ ತೋಟವೂ ಇದೇ ಪಾಠವನ್ನು ಹೇಳುತ್ತದೆ. ಸಸಿ ನೆಟ್ಟವನು ಫಸಲು ಕಾಣಲು ಐದಾರು ವರ್ಷ ಕಾಯಬೇಕು. ಕೊಳೆರೋಗದ ವಿಷಯವನ್ನೇ ನೋಡಿ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಈ ರೋಗವನ್ನು ಅಧ್ಯಯನ ಮಾಡಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಮೈಲುತುತ್ತ ಮತ್ತು ಸುಣ್ಣದ ಈ ದ್ರಾವಣವನ್ನು ಹೊಡೆಯಬೇಕಾದುದು ಮಳೆ ಹಿಡಿಯುವ ಮುನ್ನ, ಕಾಯಿಯಲ್ಲಿ ಕೊಳೆಯ ಸುಳಿವೇ ಇಲ್ಲದಾಗ. ಬಳಿಕ ನಲವತ್ತು ನಲವತ್ತೈದು ದಿನ ಕಳೆದು ಇನ್ನೊಮ್ಮೆ. ಕಣ್ಣಿಗೆ ಕಾಣದ ರೋಗಕ್ಕೆ ಇಂದೇ ಹಣ ಸುರಿಯುವುದು ಯಾರಿಗೂ ಹಿತವಲ್ಲ. ಆದರೆ ಉದುರಿದ ಕಾಯಿಯನ್ನು ಮರಕ್ಕೆ ಮರಳಿ ಕಟ್ಟುವ ವಿದ್ಯೆ ಇನ್ನೂ ಹುಟ್ಟಿಲ್ಲ.

ಹಾಗೆಂದು ‘ಇಂದು ಸಹಿಸು, ನಾಳೆ ಸುಖ’ ಎಂಬ ಉಪದೇಶವನ್ನು ಎಲ್ಲರಿಗೂ ಒಂದೇ ಸಮನೆ ಹೇಳಲಾಗದು. 1951ರ ಏಪ್ರಿಲ್ 18ರಂದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಅದಕ್ಕೆ ಮುಖ್ಯ ಕಾರಣ ಗೇಣಿಯ ಭತ್ತವನ್ನು ಒಡೆಯರು ಅಳೆದುಕೊಳ್ಳುತ್ತಿದ್ದ ದೊಡ್ಡ ಕೊಳಗ. ಅಳತೆಯೇ ಮೋಸವಾದಾಗ ಬೆಳೆದವನು ಯಾವ ನಾಳೆಗಾಗಿ ಉಳಿಸಬೇಕು? ಮುಂದಿನ ವರ್ಷ ಗದ್ದೆ ತನ್ನ ಕೈಯಲ್ಲಿರುತ್ತದೋ ಇಲ್ಲವೋ ಎಂಬ ಅಂಜಿಕೆಯಲ್ಲಿರುವವನು ಬದುವಿಗೆ ಮಣ್ಣು ಹಾಕುವುದೇಕೆ? 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ನಂತರ ಅದೆಷ್ಟೋ ಕುಟುಂಬಗಳು ದೀರ್ಘಕಾಲದ ಯೋಚನೆ ಮಾಡುವ ಸ್ಥಿತಿಗೆ ಬಂದವು. ನಾಳೆಯ ಭರವಸೆ ಇದ್ದವನು ಮಾತ್ರ ಇಂದಿನ ಸುಖವನ್ನು ಮುಂದೂಡಬಲ್ಲ. ಆ ಭರವಸೆಯಿಲ್ಲದವರನ್ನು ದುಂದುಗಾರರೆಂದು ಜರೆಯುವುದು ನ್ಯಾಯವಲ್ಲ.

ಆದರೆ ನನ್ನ ಶಿಷ್ಯರಲ್ಲಿ ಮತ್ತು ಬಂಧುಗಳಲ್ಲಿ ಬಹುಮಂದಿಗೆ ಆ ಭರವಸೆ ಇದೆ. ಆದ್ದರಿಂದ ನಿಮ್ಮ ಮುಂದೆ ಒಂದು ಪ್ರಶ್ನೆಯಿಡುತ್ತೇನೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಊರಿನಲ್ಲಿ ವಯಸ್ಸಾದ ತಂದೆತಾಯಿ, ಕೊನೆ ತೆಗೆಯುವವರು ಸಿಗುವುದಿಲ್ಲ. ಹೀಗಾಗಿ ಫಸಲನ್ನು ಚೇಣಿಗೆ ಕೊಡುವ ಮನೆಗಳು ಹೆಚ್ಚುತ್ತಿವೆ. ಹಣ ಒಟ್ಟಿಗೆ ಬರುತ್ತದೆ, ಸುಲಿಯುವ ಬೇಯಿಸುವ ರಗಳೆಯಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಮುದಿ ಜೀವಗಳಿಗೆ ವಿಶ್ರಾಂತಿಯೂ ಬೇಕು. ಆದರೆ ಚೇಣಿದಾರ ಒಂದು ಫಸಲಿನ ಒಡೆಯ. ಬಸಿಗಾಲುವೆ ತೆಗೆಸುವುದು, ಬಿದ್ದ ಮರದ ಜಾಗಕ್ಕೆ ಸಸಿ ನೆಡಿಸುವುದು, ಗೊಬ್ಬರ ಹಾಕಿಸುವುದು ಅವನ ಲೆಕ್ಕದಲ್ಲಿ ಬರುವುದಿಲ್ಲ. ಎಲೆಚುಕ್ಕಿ ರೋಗ ನಮ್ಮ ಭಾಗವನ್ನು ಕಾಡುತ್ತಿರುವ ಈ ದಿನಗಳಲ್ಲಿ ಆರೈಕೆಯಿಲ್ಲದ ತೋಟ ಎಷ್ಟು ಕಾಲ ಬಾಳೀತು?

ಚೇಣಿಯ ಹಣ ಕೈಗೆ ಬಂದ ದಿನವೇ ಅದರಲ್ಲೊಂದು ಪಾಲನ್ನು ತೋಟಕ್ಕೆಂದು ಎತ್ತಿಡಿ. ಪಾಲು ಎಷ್ಟೆಂಬುದು ಮನೆಮನೆಗೆ ಬೇರೆಯಾದೀತು. ಮೊದಲೇ ಗೊತ್ತುಪಡಿಸಿದ್ದಾಗಿರಬೇಕು, ಆಯಾ ವರ್ಷದ ಮನಸ್ಸಿಗೆ ಬಿಟ್ಟದ್ದಾಗಿರಬಾರದು. ಉಳಿದುದನ್ನು ನಿಶ್ಚಿಂತೆಯಿಂದ ಖರ್ಚು ಮಾಡಿ. ಮಗಳಿಗೆ ಸೀರೆ ತನ್ನಿ, ಯಾತ್ರೆ ಮಾಡಿ. ಶಿವಪ್ಪ ನಾಯಕನೂ ಮೂರರಲ್ಲಿ ಒಂದು ಪಾಲನ್ನೇ ಕೇಳಿದನಲ್ಲದೆ ಮೂರನ್ನೂ ಕೇಳಲಿಲ್ಲ. ನಾಳೆಯೂ ನಮ್ಮಿಂದ ತನ್ನ ಪಾಲನ್ನಷ್ಟೇ ಕೇಳಲಿ. ಅದನ್ನು ತಪ್ಪದೆ ಸಲ್ಲಿಸುವುದಕ್ಕೇ ಶಿಸ್ತು ಎಂದು ಹೆಸರು.