ಸೂತ್ರದ ಬೊಂಬೆಗಳ ಒಡೆಯ

1986ನೆಯ ಇಸವಿಯ ಮಾರ್ಚಿಯಲ್ಲಿ ಹೊರಬಂದ ‘ಮಾಸ್ಟರ್ ಆಫ್ ಪಪೆಟ್ಸ್’ ಎಂಬ ಗೀತೆಯನ್ನು ಬರಿಯ ಕರ್ಕಶ ಘೋಷವೆಂದು ಬಗೆದು ಕಿವಿ ಮುಚ್ಚಿಕೊಳ್ಳುವವರು, ಅದರೊಳಗೆ ಮಾತನಾಡುತ್ತಿರುವುದು ಮನುಷ್ಯನಲ್ಲ, ಅವನನ್ನು ಬೊಂಬೆಯಂತೆ ಕುಣಿಸುವ ಮಾದಕದ್ರವ್ಯವೇ ಎಂಬ ದಾರುಣ ಸತ್ಯವನ್ನು ಕೇಳದೆ ಹೋಗುತ್ತಾರೆ. ಕ್ಯಾಲಿಫೋರ್ನಿಯಾದ ಮೆಟಾಲಿಕಾ ತಂಡದ ನಾಲ್ವರು ತರುಣರು ಅದನ್ನು ಕೋಪನ್‌ಹೇಗನ್ನಿನಲ್ಲಿ ಧ್ವನಿಮುದ್ರಿಸಿದರು. ಎಂಟೂವರೆ ನಿಮಿಷಗಳ ಈ ಕೃತಿಯ ಮುಖ್ಯ ಭಾಗಗಳಲ್ಲಿ ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡರ ಬಲಗೈ ತಂತಿಯನ್ನು ಮೇಲಿನಿಂದ ಕೆಳಕ್ಕೆ ಮಾತ್ರವೇ, ಎಡೆಬಿಡದೆ ಮೀಟುತ್ತದೆ; ಒನಕೆಯ ಪೆಟ್ಟಿನಂತಹ ಆ ಬಿಗುಪು ಹುಟ್ಟಿದುದು ಆ ಶ್ರಮದಿಂದಲೇ. ನಡುವೆ ವೇಗವೆಲ್ಲ ಅಡಗಿ, ಗಿಟಾರುಗಳು ಒಂದರೊಡನೊಂದು ಕೂಡಿ ಶೋಕಿಸುವ ವಿಲಂಬಿತ ಭಾಗವುಂಟಷ್ಟೆ, ಅದೇ ನನ್ನ ಮಟ್ಟಿಗೆ ಗೀತೆಯ ಹೃದಯ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಸ್ವೀಡನ್ನಿನಲ್ಲಿ ತಂಡದ ಬಸ್ಸು ಮಗುಚಿ, ಬಾಸ್ ವಾದಕ ಕ್ಲಿಫ್ ಬರ್ಟನ್ 24ರ ಹರೆಯದಲ್ಲೇ ಮಡಿದರು. ಗೀತೆ ಉಳಿಯಿತು. 2011ರ ಅಕ್ಟೋಬರ್ 30ರಂದು ಆ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದಿತು. ಗೀತೆಯನ್ನೊಳಗೊಂಡ ಸಂಪುಟವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸು ರಾಷ್ಟ್ರದ ಸಂರಕ್ಷಣೀಯ ಧ್ವನಿಮುದ್ರಣಗಳ ಸಾಲಿಗೆ ಸೇರಿಸಿತು. 2022ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ತರುಣನೊಬ್ಬ ಗೀತೆಯನ್ನು ನುಡಿಸಿದ ಮೇಲೆ, 36 ವರ್ಷ ಹಳೆಯದಾದ ಆ ಗೀತೆ ಬಿಲ್‌ಬೋರ್ಡಿನ ನೂರು ಜನಪ್ರಿಯ ಗೀತೆಗಳ ಪಟ್ಟಿಯನ್ನು ಮೊದಲ ಬಾರಿಗೆ ಪ್ರವೇಶಿಸಿತು.